ಲಿಂಗಸುಗೂರಿನ ಪೇಟೆಯೂ ಒಕ್ಕಲಿಗನ ತಕ್ಕಡಿಯೂ

ನಿಜಾಮರ ಆಳಿಕೆಯಲ್ಲಿ ಲಿಂಗಸುಗೂರು ಒಂದು ಜಿಲ್ಲೆಯ ಮುಖ್ಯಸ್ಥಳವಾಗಿತ್ತು. ಅಲ್ಲಿ ದಂಡಿನ ಛಾವಣಿಯೂ ಇತ್ತು. 1905ರಲ್ಲಿ ಆ ಜಿಲ್ಲೆ ರದ್ದಾಯಿತು. ದಂಡು ಹೋಯಿತು, ಜಿಲ್ಲೆಯ ಕಚೇರಿಯೂ ಹೋಯಿತು; ಊರು ಮಾತ್ರ ಬಾಳಿತು. ಹಟ್ಟಿಯ ಚಿನ್ನದ ಗಣಿ ಸಮೀಪದಲ್ಲಿಯೇ ಇದ್ದರೂ, ಊರನ್ನು ಬಾಳಿಸಿದುದು ಸುತ್ತಲಿನ ಎರೆಭೂಮಿಯ ತೊಗರಿ, ಸಜ್ಜೆ, ಜೋಳಗಳೇ ಎಂಬುದು ನಿರ್ವಿವಾದವು.

ನೆರೆಯ ಸಿಂಧನೂರಿನ ಭಾಗ್ಯ ತುಂಗಭದ್ರೆಯಿಂದ ಬಂದಿತು. ಎಡದಂಡೆಯ ಕಾಲುವೆ ಒಣನೆಲವನ್ನು ಬತ್ತದ ಕಣಜವನ್ನಾಗಿ ಮಾಡಿತು. ಆದರೆ 2024ನೆಯ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೆಯ ಬಾಗಿಲು ಕೊಚ್ಚಿಹೋದಾಗ, ಈ ಭಾಗ್ಯ ಎಷ್ಟು ಸಣ್ಣ ಸರಪಳಿಗೆ ತೂಗುಬಿದ್ದಿದೆಯೆಂಬುದು ಎಲ್ಲರಿಗೂ ತಿಳಿಯಿತು.

ನೀರು ಬಂದ ಮಾತ್ರಕ್ಕೆ ಬೆಲೆ ಬರುವುದಿಲ್ಲ. 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆಯ ಉದ್ದೇಶ ಸ್ಪಷ್ಟವಾಗಿದೆ: ಸವಾಲು ಬಹಿರಂಗವಾಗಬೇಕು, ತೂಕ ಸರಿಯಾಗಿರಬೇಕು, ದಲಾಲಿಯನ್ನು ಕೊಳ್ಳುವವನೇ ತೆರಬೇಕು, ಮಾರುವವನಲ್ಲ. ಹೀಗಿದ್ದೂ ಬಿಳಿ ಚೀಟಿಯ ವ್ಯವಹಾರದ ದೂರು ನಮ್ಮ ಪೇಟೆಗಳಲ್ಲಿ ಇಂದಿಗೂ ನಿಂತಿಲ್ಲ. ಕಾರಣವೇನು? ಬಿತ್ತನೆಯ ಕಾಲದಲ್ಲಿ ಬೀಜ ಗೊಬ್ಬರಗಳಿಗೆ ಅಡತಿ ಅಂಗಡಿಯಿಂದ ಸಾಲ ತಂದವನು, ಸುಗ್ಗಿಯಲ್ಲಿ ಅದೇ ಅಂಗಡಿಯ ಮುಂದೆ ಚೀಲ ಇಳಿಸಲೇಬೇಕು. ಅವನ ಕೈ ಮೊದಲೇ ಕಟ್ಟಿರುವಾಗ ಸವಾಲು ಬಹಿರಂಗವಾದರೇನು, ಗುಪ್ತವಾದರೇನು? ತೊಗರಿಗೆ 2024-25ರಲ್ಲಿ ಕ್ವಿಂಟಲಿಗೆ 7550 ರೂಪಾಯಿ ಬೆಂಬಲ ಬೆಲೆ ಗೊತ್ತಾಗಿತ್ತು. ಖರೀದಿಯ ಕೇಂದ್ರ ತೆರೆಯುವವರೆಗೆ ಕಾಯಬಲ್ಲವನಿಗೆ ಮಾತ್ರ ಅದು ಬೆಲೆ. ಕಾಯಲಾರದವನಿಗೆ ಬರಿಯ ಅಂಕಿ.

ಆದಕಾರಣ ಮಾಡತಕ್ಕ ಕೆಲಸ ಇಷ್ಟೇ. ರಾಶಿಗೆ ಮುಂಚೆಯೇ ಖರೀದಿಯ ಕೇಂದ್ರಗಳು ತೆರೆಯಲಿ. ಉಗ್ರಾಣದಲ್ಲಿಟ್ಟ ಮಾಲಿನ ರಸೀತಿಯ ಮೇಲೆ ಸಹಕಾರಿ ಸಂಘಗಳು ಕೂಡಲೆ ಸಾಲ ಕೊಡಲಿ. ಪಕ್ಕಾ ಪಟ್ಟಿಯಿಲ್ಲದೆ ಒಂದು ಚೀಲವೂ ಪ್ರಾಂಗಣವನ್ನು ಬಿಡದಿರಲಿ. ಇವಕ್ಕೆ ಹೊಸ ಕಾಯಿದೆ ಬೇಡ. ಇರುವ ಕಾಯಿದೆಯನ್ನು ನಡೆಸುವ ಮನಸ್ಸು ಬೇಕು. ವರ್ತಕರಿಗೂ ಇದರಿಂದ ನಷ್ಟವಿಲ್ಲ. ಒಕ್ಕಲಿಗನ ಕೈಯಲ್ಲಿ ಹಣ ಉಳಿದರೆ ಅದು ಅದೇ ಊರಿನ ಅಂಗಡಿಗಳಲ್ಲಿಯೇ ವೆಚ್ಚವಾಗುವುದು.

ಮೊದಲು ಲಿಂಗಸುಗೂರು ತಾಲೂಕಿಗೇ ಸೇರಿದ್ದ ಮಸ್ಕಿಯಲ್ಲಿ, 1915ರಲ್ಲಿ, ಅಶೋಕನ ಹೆಸರನ್ನೇ ಹೊತ್ತ ಶಾಸನ ಬೆಳಕಿಗೆ ಬಂದಿತು. ಧರ್ಮದ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಣ್ಣವರಿಗೂ ಲಭ್ಯವೆಂಬುದು ಅದರ ಭಾವ. ಎರಡು ಸಾವಿರ ವರ್ಷಗಳಿಂದ ಈ ನೆಲದ ಕಲ್ಲಿನಲ್ಲಿರುವ ಮಾತು ಪೇಟೆಯ ತಕ್ಕಡಿಗೆ ಇಳಿಯುವುದೆಂದು? ಅಧಿಕಾರಿಗಳೂ ಪೇಟೆಯ ಮುಖಂಡರೂ ಉತ್ತರ ಹೇಳಬೇಕು.