ತಂಗಳೂಟದ ದಿನದಿಂದ ಹಿರಿಯರ ಹಬ್ಬಕ್ಕೆ

ಚೀನೀಯರು ಹಿರಿಯರ ಸಮಾಧಿಗೆ ಹೋಗಿ, ಕಳೆ ಕಿತ್ತು, ಗುಡಿಸಿ, ಎಡೆಯಿಡುವ ಚಿಂಗ್‌ಮಿಂಗ್ ಹಬ್ಬ ಸಾಮಾನ್ಯವಾಗಿ ಏಪ್ರಿಲ್ 4 ಅಥವಾ 5ರಂದು ಬರುತ್ತದೆ. ಚೀನೀ ಪಂಚಾಂಗ ವರ್ಷವನ್ನು ಸೂರ್ಯನ ಚಲನೆಯಂತೆ 24 ಭಾಗ ಮಾಡುತ್ತದೆ, ಚಿಂಗ್‌ಮಿಂಗ್ ಅವುಗಳಲ್ಲೊಂದು. ಮೊದಲಿಗೆ ಅದು ಬೇಸಾಯದ ಹದ ತಿಳಿಸುವ ದಿನವಾಗಿತ್ತು, ಅಷ್ಟೆ. ಹಿರಿಯರ ಪೂಜೆ ಅದಕ್ಕೆ ಬಂದದ್ದು ಅದರ ಹಿಂದುಮುಂದೆಯೇ ಬರುತ್ತಿದ್ದ ಹಾನ್‌ಶಿ ಎಂಬ ತಂಗಳೂಟದ ಆಚರಣೆಯಿಂದ.

ಹಾನ್‌ಶಿಯಂದು ಒಲೆ ಹಚ್ಚುವಂತಿರಲಿಲ್ಲ. ಇದಕ್ಕೆ ಜನ ಹೇಳುವ ಕಥೆ ಜಿಯೆ ಜಿತುಯಿಯದು. ಜಿನ್ ರಾಜ್ಯದ ರಾಜಕುಮಾರ ಚೋಂಗ್‌ಅರ್ ದೇಶಭ್ರಷ್ಟನಾಗಿ ಹಸಿದಾಗ, ಈ ಸೇವಕ ತನ್ನ ತೊಡೆಯ ಮಾಂಸವನ್ನೇ ಕೊಯ್ದು ಉಣಿಸಿದ. ಕ್ರಿ.ಪೂ. 636ರಲ್ಲಿ ಪಟ್ಟಕ್ಕೆ ಬಂದ ದೊರೆ ಅವನನ್ನು ಮರೆತ. ಜಿತುಯಿ ತಾಯಿಯೊಡನೆ ಬೆಟ್ಟ ಸೇರಿದ. ಅವನನ್ನು ಹೊರಗೆ ಕರೆಸಲೆಂದು ಕಾಡಿಗೆ ಬೆಂಕಿಯಿಟ್ಟರೆ ಇಬ್ಬರೂ ಸುಟ್ಟುಹೋದರು. ಪಶ್ಚಾತ್ತಾಪದಿಂದ ದೊರೆ ಆ ದಿನ ಬೆಂಕಿಯನ್ನೇ ನಿಷೇಧಿಸಿದ. ಆದರೆ ಪ್ರಾಚೀನ ಇತಿಹಾಸಗ್ರಂಥ ‘ಜುವೊ ಜುಆನ್’ನಲ್ಲಿ ಬೆಂಕಿಯ ಪ್ರಸ್ತಾಪವಿಲ್ಲ. ಜಿತುಯಿ ಮರೆಯಾಗಿ ತೀರಿಕೊಂಡ, ದೊರೆ ಅವನ ಹೆಸರಿಗೆ ಭೂಮಿ ಮೀಸಲಿಟ್ಟ ಎಂದಷ್ಟೇ ಇದೆ. ವಸಂತದಲ್ಲಿ ಹಳೆಯ ಬೆಂಕಿ ಆರಿಸಿ ಹೊಸದನ್ನು ಹೊತ್ತಿಸುವ ಪ್ರಾಚೀನ ಪದ್ಧತಿಗೆ ಈ ಕಥೆ ಆಮೇಲೆ ಅಂಟಿಕೊಂಡಿತೆಂಬ ವಿದ್ವಾಂಸರ ವಾದವೇ ಹೆಚ್ಚು ಒಪ್ಪುವಂಥದು.

ಇಂದಿನ ಶಾನ್ಶಿ ಪ್ರಾಂತ್ಯದ ತೈಯುವಾನ್ ಸೀಮೆಯಲ್ಲಿ ಈ ವ್ರತ ಬಲು ಕಠಿಣವಾಗಿತ್ತು. ಆಗ ಅದು ಚಳಿಗಾಲದಲ್ಲೇ ನಡೆಯುತ್ತಿದ್ದುದರಿಂದ, ಕೊರೆಯುವ ಚಳಿಯಲ್ಲಿ ತಣ್ಣನೆಯ ಊಟ ಉಂಡು ಮುದುಕರೂ ಮಕ್ಕಳೂ ಸಾಯುತ್ತಿದ್ದರು. ಮೂರನೆಯ ಶತಮಾನದ ಆರಂಭದಲ್ಲಿ ದಂಡನಾಯಕ ತ್ಸಾವ್ ತ್ಸಾವ್ ಅದನ್ನು ನಿಷೇಧಿಸಿದರೂ ಆಚರಣೆ ಅಳಿಯಲಿಲ್ಲ. ಬೇರೆ ಸೀಮೆಗಳಿಗೂ ಹಬ್ಬಿ, ಚಳಿಗಾಲದ ಅಯನ ಕಳೆದ 105ನೆಯ ದಿನಕ್ಕೆ ನೆಲೆಗೊಂಡಿತು.

ತಾಂಗ್ ರಾಜವಂಶದ ಕಾಲಕ್ಕೆ ಜನ ಹಾನ್‌ಶಿಯಂದೇ ಸಮಾಧಿಗಳಿಗೆ ಹೋಗತೊಡಗಿದ್ದರು. 732ರಲ್ಲಿ ಚಕ್ರವರ್ತಿ ಶುಆನ್‌ಜೋಂಗ್ ಈ ರೂಢಿಗೆ ಒಪ್ಪಿಗೆಯಿತ್ತ. ವಿಧಿಗ್ರಂಥಗಳಲ್ಲಿ ಇದಿಲ್ಲ, ಆದರೂ ಜನರಲ್ಲಿ ಬೇರೂರಿದೆ ಎಂದು ಆಜ್ಞೆಯೇ ಹೇಳಿತು. ಶಾಸ್ತ್ರಕ್ಕೆ ಜೋತುಬಿದ್ದಿದ್ದ ಆಸ್ಥಾನ ಜನರ ನಡೆಗೆ ಮಣಿದ ಈ ಗಳಿಗೆ ಹಬ್ಬದ ಇತಿಹಾಸದಲ್ಲಿ ಎಲ್ಲಕ್ಕಿಂತ ದೊಡ್ಡದು.

ಬೆಂಕಿ ಹಚ್ಚುವಂತಿಲ್ಲವಾದ್ದರಿಂದ, ಸತ್ತವರಿಗೆಂದು ತಂದ ಕಾಗದದ ಹಣವನ್ನು ಸುಡದೆ ಮರಕ್ಕೆ ತೂಗುಹಾಕುತ್ತಿದ್ದರು, ಇಲ್ಲವೇ ಸಮಾಧಿಯ ಮೇಲೆ ಹಾಸಿ ಕಲ್ಲಿಡುತ್ತಿದ್ದರು. ಕಲ್ಲಿಡುವ ರೂಢಿ ಕೆಲವೆಡೆ ಇನ್ನೂ ಇದೆ. ಊರಾಚೆ ಹೋದವರು ಉಯ್ಯಾಲೆಯಾಡಿ, ಗಾಳಿಪಟ ಹಾರಿಸಿ ಬರುತ್ತಿದ್ದುದರಿಂದ ವಿಹಾರವೂ ಹಬ್ಬದೊಳಗೆ ಸೇರಿತು.

ಮುಂದೆ ಹಾನ್‌ಶಿ ಮಸುಕಾಗಿ, ಅದರ ವಿಧಿಗಳೆಲ್ಲ ಚಿಂಗ್‌ಮಿಂಗ್‌ನ ಪಾಲಾದವು. ಯಾಂಗ್ಟ್ಸಿ ನದಿಯ ಕೆಳ ಸೀಮೆಯಲ್ಲಿ ಮಾಚಿಪತ್ರೆ ಜಾತಿಯ ಸೊಪ್ಪಿನ ರಸ ಬೆರೆಸಿ, ಹೂರಣ ತುಂಬಿ ಮಾಡುವ ಅಂಟಕ್ಕಿಯ ಹಸಿರು ಉಂಡೆಗಳನ್ನು ತಣ್ಣಗೇ ತಿನ್ನುವುದು ಆ ತಂಗಳೂಟದ ಉಳಿಕೆ. ಚೀನಾ ಸರ್ಕಾರ 2008ರಿಂದ ಚಿಂಗ್‌ಮಿಂಗ್‌ಗೆ ಸಾರ್ವಜನಿಕ ರಜೆ ಕೊಡುತ್ತಿದೆ.