ಎಂಜಿನ್‌ಗೆ ಎಣ್ಣೆ ಹಾಕಿಸಿದ್ರಿ, ಮುಂಗಾಲಿಗೆ?

ಮೈಸೂರು: "ಸಾರ್, ಫೋರ್ಕ್ ಆಯಿಲ್ ಚೇಂಜ್ ಮಾಡ್ಲಾ?"

"ಈಗ ತಾನೇ ಆಯಿಲ್ ಹಾಕಿದ್ಯಲ್ಲಪ್ಪ, ಇದ್ಯಾವ ಹೊಸ ಆಯಿಲ್ಲು?"

ಗ್ಯಾರೇಜಿನ ಮುಂದೆ ಮಾತು ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತದೆ. ಗಿರಾಕಿಗೆ ಇದು ಬಿಲ್ಲು ಬೆಳೆಸುವ ಉಪಾಯದಂತೆ ಕಾಣುತ್ತದೆ. ಮೆಕ್ಯಾನಿಕ್‌ಗೆ ತಲೆನೋವಿನ ಕೆಲಸವೊಂದು ಉಳಿಯುತ್ತದೆ. ಇಬ್ಬರಿಗೂ ಸಮಾಧಾನ. ನಷ್ಟವಾಗುವುದು ಗಾಡಿಗೆ, ಕಡೆಗೆ ಅದರ ಮೇಲೆ ಕೂತವನ ಮೂಳೆಗೆ.

ವಿಚಿತ್ರ ಏನೆಂದರೆ, ಇದು ಮೋಟಾರ್ ಸೈಕಲ್ ತಯಾರಿಸಿದ ಊರು. ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಜಾವಾ ಹೊರಬಿತ್ತು. 1973ರಿಂದ ಯೆಜ್ಡಿ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಆ ಗಾಡಿಗಳನ್ನು ಇವತ್ತಿಗೂ ಮಗುವಿನ ಹಾಗೆ ಸಾಕಿಕೊಂಡವರು ಊರಲ್ಲಿದ್ದಾರೆ. ಅವರಿಗೆ ಫೋರ್ಕಿನ ಪಾಠ ಬೇಕಾಗಿಲ್ಲ. ಬೇಕಾಗಿರುವುದು 100 ಸಿಸಿ ಗಾಡಿಯಲ್ಲಿ ಆಫೀಸು, ಅಂಗಡಿ, ಸ್ಕೂಲು ಅಂತ ದಿನಾ ಸುತ್ತುವ ಜನಕ್ಕೆ.

ಹ್ಯಾಂಡಲ್ ಬುಡದಿಂದ ಮುಂದಿನ ಚಕ್ರದವರೆಗೆ ಎರಡು ಕಾಲು ಇಳಿದಿವೆಯಲ್ಲ, ಜನ 'ಮುಂದಿನ ಶಾಕು' ಅನ್ನೋದು ಅದಕ್ಕೇ. ಒಂದು ಕೊಳವೆಯೊಳಗೆ ಇನ್ನೊಂದು ಕೊಳವೆ ಜಾರುತ್ತದೆ. ಒಳಗೆ ಉದ್ದನೆಯ ಸ್ಪ್ರಿಂಗು, ಜೊತೆಗೆ ಒಂದಿಷ್ಟು ಎಣ್ಣೆ. ಸಣ್ಣ ಗಾಡಿಗಳಲ್ಲಿ ಕಾಲೊಂದಕ್ಕೆ ಸಾಮಾನ್ಯವಾಗಿ 200 ಮಿ.ಲೀ. ಒಳಗೇ. ಚಕ್ರ ಗುಂಡಿಗೆ ಬಿದ್ದಾಗ ಸ್ಪ್ರಿಂಗ್ ಕುಗ್ಗುತ್ತದೆ, ಎಣ್ಣೆ ಸಣ್ಣ ಸಣ್ಣ ತೂತುಗಳಲ್ಲಿ ನುಗ್ಗಿ ಹೋಗಬೇಕಾಗುತ್ತದೆ. ಆ ತಡೆ ಇರುವುದರಿಂದಲೇ ಸ್ಪ್ರಿಂಗು ಚಂಗನೆ ಚಿಮ್ಮದೆ ತಾಳ್ಮೆಯಿಂದ ಮೇಲೇಳುತ್ತದೆ. ಎಣ್ಣೆ ಸತ್ತರೆ ಮಂಚದ ಮೇಲೆ ಮಕ್ಕಳು ಕುಣಿದ ಹಾಗೆ ಚಕ್ರ ಕುಣಿಯುತ್ತದೆ. ಚಕ್ರ ನೆಲ ಬಿಟ್ಟು ಕುಣಿಯುತ್ತಿರುವಾಗ ಬ್ರೇಕು ಹಿಡಿದರೇನು, ಬಿಟ್ಟರೇನು?

ಈ ಎಣ್ಣೆ ಉರಿಯೋದಿಲ್ಲ, ಹಾಗಾಗಿ ಕೆಡೋದೂ ಇಲ್ಲ ಅನ್ನುವ ನಂಬಿಕೆ ಇದೆ. ತಪ್ಪು. ಲೋಹಕ್ಕೆ ಲೋಹ ಉಜ್ಜಿ ಪುಡಿ ಸೇರುತ್ತದೆ. ಸೀಲು ಸವೆದಲ್ಲಿ ನೀರು, ಧೂಳು ಒಳಗಿಳಿಯುತ್ತದೆ. ಎರಡು ವರ್ಷ ಅಥವಾ 30,000 ಕಿ.ಮೀ., ಯಾವುದು ಮೊದಲೋ ಆಗ ಬದಲಿಸಿ ಎಂದು ಕೆಲವು 100 ಸಿಸಿ ಗಾಡಿಗಳ ಕೈಪಿಡಿಯಲ್ಲೇ ಅಚ್ಚಾಗಿದೆ. ಆ ಪುಸ್ತಕ ಗಾಡಿ ಕೊಂಡ ದಿನ ಬೀರು ಸೇರಿದ್ದು, ಮತ್ತೆ ಹೊರಗೆ ಬಂದಿಲ್ಲ!

ಇನ್ನು ಹಂಪುಗಳ ಕಥೆ. ಸಣ್ಣ ರಸ್ತೆಗಳ ಹಂಪು ಹೇಗಿರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್ 1988ರಲ್ಲೇ ಅಳತೆ ಕೊಟ್ಟಿತ್ತು. ಅಗಲ 3.7 ಮೀಟರ್, ಎತ್ತರ 10 ಸೆಂ.ಮೀ., ಗಂಟೆಗೆ 25 ಕಿ.ಮೀ. ವೇಗದಲ್ಲಿ ಆರಾಮಾಗಿ ದಾಟುವಂತೆ. ಬಡಾವಣೆಗಳಲ್ಲಿ ಕಾಣುವುದೇ ಬೇರೆ. ಗೋಡೆ ಅಡ್ಡ ಬಿದ್ದ ಹಾಗೆ ಕಿರಿದು, ಕಡಿದು. ಬಣ್ಣವಿಲ್ಲ, ಬೋರ್ಡಿಲ್ಲ. ಟ್ಯಾಂಕ್ ಮೇಲೆ ಮಗು, ಹಿಂದೆ ಹೆಂಡತಿ, ಹ್ಯಾಂಡಲ್‌ಗೆ ತರಕಾರಿ ಚೀಲ. ಕತ್ತಲಲ್ಲಿ ಹಂಪು ಕಂಡಾಗ ತಡವಾಗಿರುತ್ತದೆ. ಬ್ರೇಕ್ ಒತ್ತಿದ ಕೂಡಲೇ ಭಾರವೆಲ್ಲ ಮುಂದಕ್ಕೆ ಬಂದು ಫೋರ್ಕ್ ಅರ್ಧ ಕುಗ್ಗಿರುತ್ತದೆ, ಅಷ್ಟರಲ್ಲಿ ಹಂಪು ಗುದ್ದುತ್ತದೆ. ಉಳಿದರ್ಧವನ್ನು ತಡೆಯಬೇಕಾದ್ದು ಆ ಎಣ್ಣೆ. ಅದು ಇಲ್ಲದಿದ್ದರೆ 'ಟಕ್' ಎಂದು ಲೋಹಕ್ಕೆ ಲೋಹ ಬಡಿಯುತ್ತದೆ, ಹ್ಯಾಂಡಲ್ ಕೈಯಲ್ಲಿ ನಿಲ್ಲುವುದಿಲ್ಲ.

"ನಾನು ಮುಂದಿನ ಬ್ರೇಕ್ ಮುಟ್ಟೋದೇ ಇಲ್ಲ" ಎಂದು ಎದೆ ತಟ್ಟಿಕೊಳ್ಳುವವರು ಇನ್ನೂ ಇದ್ದಾರೆ. ಅವರಿಗೊಂದು ಸುದ್ದಿ. 2019ರ ಏಪ್ರಿಲ್‌ನಿಂದ ಮಾರಾಟವಾದ 125 ಸಿಸಿವರೆಗಿನ ಗಾಡಿಗಳಲ್ಲಿ ಜೋಡಿ ಬ್ರೇಕ್ ಅಥವಾ ಎಬಿಎಸ್ ಕಡ್ಡಾಯವಾಗಿದೆ. ಜೋಡಿ ಬ್ರೇಕಿನ ಗಾಡಿಯಲ್ಲಿ ಕಾಲಿನ ಪೆಡಲ್ ಒತ್ತಿದರೂ ಮುಂದಿನ ಬ್ರೇಕು ಸ್ವಲ್ಪ ಹಿಡಿಯುತ್ತದೆ. ಅಂದರೆ ಮುಂಗಾಲಿಗೆ ರಜೆ ಇಲ್ಲ.

ಕೆಲಸ ದೊಡ್ಡದೇನಲ್ಲ, ಆದರೆ ಗಮನ ಬೇಡುತ್ತದೆ. ಹಳೆಯ ಕೆಲವು ಗಾಡಿಗಳಲ್ಲಿ ಕಾಲಿನ ಬುಡದಲ್ಲೇ ಎಣ್ಣೆ ಇಳಿಸುವ ಸ್ಕ್ರೂ ಇರುತ್ತಿತ್ತು. ಈಗಿನ ಬಹಳಷ್ಟು ಸಣ್ಣ ಗಾಡಿಗಳಲ್ಲಿ ಅದಿಲ್ಲ, ಕಾಲನ್ನೇ ಕಳಚಬೇಕು. ಮೇನ್ ಸ್ಟ್ಯಾಂಡ್ ಹಾಕಿ, ಎಂಜಿನ್ ಅಡಿಗೆ ಭದ್ರವಾಗಿ ಮರದ ದಿಮ್ಮಿ ಕೊಟ್ಟು ಮುಂದಿನ ಚಕ್ರ ಎತ್ತಬೇಕು. ತಲೆಯ ಮೇಲಿನ ಬೋಲ್ಟನ್ನು ಕಾಲು ಇನ್ನೂ ಕ್ಲ್ಯಾಂಪಿನಲ್ಲಿ ಬಿಗಿಯಾಗಿರುವಾಗಲೇ ಸ್ವಲ್ಪ ಸಡಿಲಿಸಿಕೊಳ್ಳಬೇಕು, ಆಮೇಲೆ ಹಿಡಿತ ಸಿಗುವುದಿಲ್ಲ. ಪೂರ್ತಿ ಬಿಚ್ಚುವಾಗ ಮುಖ ದೂರ ಇರಲಿ, ಕೆಳಗಿನ ಸ್ಪ್ರಿಂಗು ಬೋಲ್ಟನ್ನು ಒದೆಯುತ್ತದೆ. ಸ್ಪ್ರಿಂಗು ಯಾವ ದಿಕ್ಕಿಗಿತ್ತೋ ಅದೇ ದಿಕ್ಕಿಗೆ ಹಿಂದಿರುಗಬೇಕು. ಕಾಲನ್ನು ಬೋರಲು ಹಾಕಿ, ಹತ್ತಾರು ಸಲ ಮೇಲೆ ಕೆಳಗೆ ಎಳೆದರೆ ಹಳೆಯದು ಗುಳುಗುಳು ಎಂದು ಸುರಿಯುತ್ತದೆ.

ಹೊಸದು ತುಂಬುವಾಗಲೇ ಎಡವಟ್ಟು ಜಾಸ್ತಿ. ಅಳತೆ ಲೋಟ ಇಲ್ಲದೆ ಕಣ್ಣಂದಾಜಿನಲ್ಲಿ ಸುರಿಯುವುದು ಕೆಲವೆಡೆ ರೂಢಿ. ಎಣ್ಣೆ ಕಮ್ಮಿಯಾದರೆ ಮತ್ತೆ ಅದೇ 'ಟಕ್'. ಹೆಚ್ಚಾದರೆ ಒಳಗೆ ಗಾಳಿಗೆ ಜಾಗ ಉಳಿಯದೆ ಒತ್ತಡ ಏರಿ ಸೀಲು ಕಿತ್ತು ಬರುತ್ತದೆ. ಎರಡು ಕಾಲಿನಲ್ಲೂ ಸಮ ಇರಲೇಬೇಕು. ಎಂಜಿನ್‌ಗೆ ಹಾಕಿ ಮಿಕ್ಕಿದ ಎಣ್ಣೆಯನ್ನೇ ಇಲ್ಲಿಗೂ ಬಿಡುವವರಿದ್ದಾರೆ. ಅದು ಗಟ್ಟಿಯಾದರೆ ಫೋರ್ಕ್ ಮರಗಟ್ಟಿದ ಹಾಗಾಗುತ್ತದೆ. ಫೋರ್ಕ್ ಆಯಿಲ್ ಅಂತಲೇ ಬೇರೆ ಡಬ್ಬಿ ಅಂಗಡಿಯಲ್ಲಿ ಸಿಗುತ್ತದೆ. ಎಷ್ಟು ಗಟ್ಟಿಯದು, ಎಷ್ಟು ಮಿಲಿ ಎಂಬುದು ಗಾಡಿಯಿಂದ ಗಾಡಿಗೆ ಬೇರೆ. ಬೀರುವಿನ ಪುಸ್ತಕಕ್ಕೆ ಅಲ್ಲಿ ಕೆಲಸ ಬರುತ್ತದೆ. ಸೀಲು ಹಳೆಯದಾಗಿದ್ದರೆ ಅದನ್ನೂ ಆಗಲೇ ಬದಲಿಸಿದರೆ ಮಜೂರಿ ಎರಡು ಸಲ ಕೊಡುವುದು ತಪ್ಪುತ್ತದೆ.

ಬೇಕಾ ಬೇಡವಾ ಎಂದು ತಿಳಿಯಲು ಗ್ಯಾರೇಜಿಗೇ ಹೋಗಬೇಕಾಗಿಲ್ಲ. ಗಾಡಿ ನಿಲ್ಲಿಸಿ, ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲ್ ಜೋರಾಗಿ ಅದುಮಿ ಬಿಡಿ. ಒಂದೇ ಸಲ ಎದ್ದು ನಿಂತರೆ ಸರಿ. ಎರಡು ಮೂರು ಸಲ ತೂಗಿದರೆ ಎಣ್ಣೆ ಕೈ ಕೊಟ್ಟಿದೆ. ಹೊಳೆಯುವ ಕೊಳವೆಯ ಮೇಲೆ ಬೆರಳಾಡಿಸಿ. ಜಿಡ್ಡು ಬಳೆಯ ಹಾಗೆ ಅಂಟಿದ್ದರೆ ಸೀಲು ಸೋರುತ್ತಿದೆ. ಆ ಜಿಡ್ಡು ಹಾಗೇ ಇಳಿದು ಬ್ರೇಕಿಗೆ ತಗುಲಿದರಂತೂ ಒಂದು ದಿನವೂ ತಡ ಮಾಡುವಂತಿಲ್ಲ.

ಬುದ್ಧಿವಂತ ಮೆಕ್ಯಾನಿಕ್‌ಗಳು ಹಳೆ ಎಣ್ಣೆಯನ್ನು ಕೂಡಲೇ ಡ್ರಮ್ಮಿಗೆ ಸುರಿಯುವುದಿಲ್ಲ. ಗಿರಾಕಿ ಬರುವವರೆಗೆ ಗಾಜಿನ ಬಾಟ್ಲಿಯಲ್ಲಿ ಇಟ್ಟಿರುತ್ತಾರೆ, ಕೆಸರು ಬಣ್ಣದ್ದು, ತಳದಲ್ಲಿ ಮಿನುಗುವ ಲೋಹದ ಪುಡಿ.

"ಇದು ನನ್ನ ಗಾಡೀದಾ?"

"ಹೂಂ ಸಾರ್. ಗಾಡಿ ಕೊಂಡಾಗಿಂದ ಇದೇ ಇತ್ತು."