ಹಳೆ ಅಂಬಾಸಿಡರಿಗೆ ಹೊಸ ಬೀಡಿಂಗ್: ಮಳೆಗಾಲಕ್ಕೆ ಮೊದಲೇ ಆಗಬೇಕಾದ ಕೆಲಸ

ಕಾಸರಗೋಡು: ಜೂನ್ ತಿಂಗಳ ಮೊದಲ ನಾಲ್ಕು ಮಳೆ ಬಿದ್ದ ಕೂಡಲೇ ಹಳೆ ಕಾರುಗಳ ಒಳಗೆ ಒದ್ದೆ ಗೋಣಿಯ ವಾಸನೆ ಶುರುವಾಗುತ್ತದೆ. ಕಾಲಡಿಯ ಮ್ಯಾಟ್ ಎತ್ತಿದರೆ ಕೆಳಗೆ ನೀರು. ಹೆಚ್ಚಿನವರು ಮ್ಯಾಟನ್ನು ಬಿಸಿಲು ಬಂದ ದಿನ ಒಣಗಿಸಿ ಸುಮ್ಮನಾಗುತ್ತಾರೆ. ಆದರೆ ಅಂಬಾಸಿಡರ್ ಇಟ್ಟುಕೊಂಡವರು ಹಾಗೆ ಸುಮ್ಮನಿರುವಂತಿಲ್ಲ.

ಕಾರಣ ಇದೆ. ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಮಾದರಿಯನ್ನು ಆಧರಿಸಿ ಹಿಂದೂಸ್ಥಾನ್ ಮೋಟಾರ್ಸ್ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ತಯಾರಿಸುತ್ತಿದ್ದ ಈ ಕಾರಿಗೆ ಜೀಪು, ಲಾರಿಗಳಿಗಿರುವಂತೆ ಪ್ರತ್ಯೇಕ ಚಾಸಿಸ್ ಇಲ್ಲ. ತಳದ ತಗಡು, ಬದಿಯ ಪಟ್ಟಿ, ಮಾಡು ಎಲ್ಲ ಒಂದಕ್ಕೊಂದು ಬೆಸೆದುಕೊಂಡು ಭಾರ ಹೊರುತ್ತವೆ. ತಳಕ್ಕೆ ತುಕ್ಕು ಹಿಡಿದರೆ ಹೋಗುವುದು ಬರೀ ತಗಡಲ್ಲ, ಕಾರಿನ ಬೆನ್ನೆಲುಬೇ. 2014ರಲ್ಲಿ ಇದರ ತಯಾರಿಕೆ ನಿಂತಿದೆ. ಹದಿನೈದು ವರ್ಷ ದಾಟಿದ ಖಾಸಗಿ ಕಾರಿನ ನೋಂದಣಿ ನವೀಕರಿಸುವಾಗ ವಾಹನವನ್ನು ಪರೀಕ್ಷೆಗೆ ಒಯ್ಯಬೇಕು. ತೂತು ಬಿದ್ದ ತಳ ಇಟ್ಟುಕೊಂಡು ಅಲ್ಲಿ ನಿಲ್ಲುವುದು ಕಷ್ಟ. ಕೆಲವು ಮೀಟರ್ ರಬ್ಬರ್ ಹಾಕಿಸದೆ ಬಿಟ್ಟದ್ದಕ್ಕೆ ಕೊನೆಗೆ ಟಿಂಕರಿಂಗ್ ಕೆಲಸದ ಖರ್ಚು ತಲೆಗೆ ಬರುತ್ತದೆ.

ರಬ್ಬರ್ ಯಾಕೆ ಸಾಯುತ್ತದೆ?

ಮರದ ಹಾಲಿನಿಂದ ಬರುವ ರಬ್ಬರಿಗೆ ಎಳೆತ ಚೆನ್ನಾಗಿದೆ, ಆದರೆ ಬಿಸಿಲು ಮತ್ತು ಗಾಳಿಯಲ್ಲಿರುವ ಓಜೋನನ್ನು ಅದು ತಡೆದುಕೊಳ್ಳುವುದಿಲ್ಲ. ಮೊದಲು ಮೇಲ್ಮೈ ಬಿರುಕು ಬಿಡುತ್ತದೆ. ಎಳೆದು ಕೂರಿಸಿದ ಮೂಲೆಗಳಲ್ಲಂತೂ ಬಿರುಕು ಬೇಗ ಬರುತ್ತದೆ. ಆಮೇಲೆ ಗಟ್ಟಿಯಾಗಿ, ಕುಗ್ಗಿ, ಒತ್ತಿದರೆ ಮತ್ತೆ ಮೇಲೇಳದ ಹಾಗಾಗುತ್ತದೆ. ಉಗುರಿನಿಂದ ಒತ್ತಿ ನೋಡಿ. ಗುಳಿ ಹಾಗೇ ಉಳಿದರೆ ಅದರ ಕಾಲ ಮುಗಿಯಿತು. ಈಗ ಈ ಕೆಲಸಕ್ಕೆ ಇಪಿಡಿಎಂ ಎಂಬ ಕೃತಕ ರಬ್ಬರ್ ಒಳ್ಳೆಯದು. ಬಿಸಿಲು, ಮಳೆ ಎರಡನ್ನೂ ಅದು ಹೆಚ್ಚು ಕಾಲ ತಾಳುತ್ತದೆ. ರಬ್ಬರ್ ಬೆಳೆಯುವ ಜಿಲ್ಲೆಯಲ್ಲಿ ಕೃತಕ ರಬ್ಬರನ್ನು ಹೊಗಳುವುದು ಸ್ವಲ್ಪ ವಿಚಿತ್ರವೇ. ಆದರೆ ನಮ್ಮ ತೋಟದ ಶೀಟು ಹೆಚ್ಚಾಗಿ ಹೋಗುವುದು ಟಯರಿಗೆ, ಅಲ್ಲಿ ಅದಕ್ಕೆ ಸರಿಸಾಟಿ ಇಲ್ಲ.

ನೀರು ಬರುವುದು ಎಲ್ಲಿಂದ?

ಹಂಚಿನ ಮನೆಯಲ್ಲಿ ಬೆಳೆದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಹಂಚು ಒಡೆದದ್ದು ಒಂದು ಕಡೆ, ನೀರು ಪಕ್ಕಾಸು ಹಿಡಿದು ಹರಿದು ಬೀಳುವುದು ಇನ್ನೊಂದು ಕಡೆ. ಕಾರಿನಲ್ಲೂ ಹಾಗೆಯೇ. ಎದುರಿನ ಗ್ಲಾಸಿನ ಮೂಲೆಯಲ್ಲಿ ಒಳಬಂದ ನೀರು ಡ್ಯಾಶ್‌ಬೋರ್ಡಿನ ಹಿಂದೆ ಇಳಿದು ಕಾಲಡಿಯಲ್ಲಿ ಕಾಣಿಸುತ್ತದೆ. ಚಾಲಕ ಮಾತ್ರ ಬಾಗಿಲನ್ನೇ ಸಂಶಯಿಸುತ್ತಿರುತ್ತಾನೆ.

ಆದ್ದರಿಂದ ಮೊದಲು ಮ್ಯಾಟ್ ತೆಗೆದು ತಳ ಪೂರ್ತಿ ಒಣಗಿಸಬೇಕು. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಬೇಕು, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡಬೇಕು. ಕೆಳಗಿನಿಂದ ಶುರುಮಾಡಿ ನಿಧಾನವಾಗಿ ಮೇಲಕ್ಕೆ ಹೋಗಬೇಕು. ಮೇಲಿನಿಂದಲೇ ಸುರಿದರೆ ಎಲ್ಲ ಕಡೆ ಒದ್ದೆಯಾಗಿ ಏನೂ ತಿಳಿಯುವುದಿಲ್ಲ. ಬಾಗಿಲಿನ ಬೀಡಿಂಗ್ ಪರೀಕ್ಷಿಸಲು ಇನ್ನೂ ಸುಲಭ ದಾರಿ ಇದೆ: ಕಾಗದದ ಚೀಟಿಯೊಂದನ್ನು ಸಿಕ್ಕಿಸಿ ಬಾಗಿಲು ಹಾಕಿ ಎಳೆಯಿರಿ. ಸಲೀಸಾಗಿ ಜಾರಿ ಬಂದರೆ ಅಲ್ಲಿ ಹಿಡಿತ ಇಲ್ಲ.

ಬಾಗಿಲಿನ ಒಳಗೆ ನೀರು ಇಳಿಯುವುದು ಮಾತ್ರ ದೋಷವಲ್ಲ. ಮೇಲೆ ಕೆಳಗೆ ಮಾಡುವ ಗ್ಲಾಸಿನ ಬದಿಯಿಂದ ಸ್ವಲ್ಪ ನೀರು ಇಳಿದೇ ಇಳಿಯುತ್ತದೆ. ಅದು ಹೊರಹೋಗಲೆಂದೇ ಬಾಗಿಲಿನ ಅಡಿಯಲ್ಲಿ ತೂತುಗಳಿರುತ್ತವೆ. ಮಣ್ಣು ಕಟ್ಟಿಯೋ, ತುಕ್ಕು ತಡೆಯಲೆಂದು ಬಳಿದ ಡಾಂಬರಿನಂಥ ಲೇಪ ತುಂಬಿಯೋ ಅವು ಮುಚ್ಚಿರುವುದುಂಟು. ಒಂದು ತಂತಿ ಹಾಕಿ ಬಿಡಿಸಿದರೆ ಅರ್ಧ ಸಮಸ್ಯೆ ಕಾಸು ಖರ್ಚಿಲ್ಲದೆ ಮುಗಿದೀತು.

ಹಾಕುವ ಕ್ರಮ

ಅಂಗಡಿಗೆ ಹೋಗುವಾಗ ಹಳೆ ಬೀಡಿಂಗಿನ ಒಂದು ತುಂಡು ಕೈಯಲ್ಲಿರಲಿ. ಕೊಯ್ದ ಬದಿಯ ಆಕಾರ ಹೊಸದಕ್ಕೆ ಹೊಂದಬೇಕು. ಬಾಗಿಲಿಗೆ ಸ್ಪಂಜಿನಂತೆ ಮೆತ್ತಗಿನದು, ಗ್ಲಾಸಿಗೆ ಗಟ್ಟಿಯದು. ದಪ್ಪ ಹೆಚ್ಚಾದರೆ ಬಾಗಿಲು ಕೂರುವುದಿಲ್ಲ.

ಹಳೆಯದನ್ನು ಕಿತ್ತು, ಒಣಗಿದ ಸಲ್ಯೂಷನ್ನನ್ನು ಪೂರ್ತಿ ಕೆರೆದು, ತುಕ್ಕು ಉಜ್ಜಿ, ಪ್ರೈಮರ್ ಮತ್ತು ಪೈಂಟ್ ಕೊಟ್ಟು ಒಣಗಲು ಬಿಡಬೇಕು. ಅವಸರ ಮಾಡುವವರು ತಪ್ಪುವುದು ಇಲ್ಲೇ. ತುಕ್ಕಿನ ಮೇಲೆ ಅಂಟಿಸಿದ್ದು ತುಕ್ಕಿನೊಂದಿಗೇ ಕಳಚಿ ಬರುತ್ತದೆ. ಬೀಡಿಂಗನ್ನು ಎಳೆಯದೆ, ಬದಲಿಗೆ ತುಸು ಒತ್ತುತ್ತ ಕೂರಿಸಬೇಕು. ಎಳೆದದ್ದು ಮತ್ತೆ ಕುಗ್ಗಿ ಮೂಲೆಯಲ್ಲಿ ಬಾಯಿ ಬಿಡುತ್ತದೆ. ಎರಡು ತುದಿ ಸೇರುವ ಜಾಗ ಬಾಗಿಲಿನ ಕೆಳಭಾಗದಲ್ಲಿರಲಿ. ಹೊಸ ಬೀಡಿಂಗ್ ಹಾಕಿದ ಮೊದಲ ಕೆಲವು ದಿನ ಬಾಗಿಲು ಬಿಗಿಯಾಗುವುದು ಸಹಜ. ಆಮೇಲೂ ಹಾಗೇ ಇದ್ದರೆ ಲಾಕಿನ ಎದುರು ತಗಡನ್ನು ಸ್ವಲ್ಪ ಸರಿಸಬೇಕು. ರಬ್ಬರನ್ನು ಬ್ಲೇಡಿನಲ್ಲಿ ಕೊಯ್ಯಬಾರದು. ಹಿಂಜು ಸವೆದು ಬಾಗಿಲು ಜೋತಿದ್ದರೆ ಮೊದಲು ಅದನ್ನು ಸರಿಪಡಿಸಬೇಕು, ಇಲ್ಲವಾದರೆ ಯಾವ ಬೀಡಿಂಗೂ ನಿಲ್ಲದು.

ಎದುರಿನ ಗ್ಲಾಸಿನ ಕೆಲಸಕ್ಕೆ ಇಬ್ಬರು ಬೇಕು. ಹಳೆ ರಬ್ಬರಿನ ಅಂಚನ್ನು ಚಾಕುವಿನಿಂದ ಕೊಯ್ದು ತೆಗೆಯುವುದು ಲೇಸು. ಅದನ್ನು ಉಳಿಸಲು ಹೋಗಿ ಗ್ಲಾಸು ಒಡೆದುಕೊಳ್ಳುವುದರಲ್ಲಿ ಅರ್ಥವಿಲ್ಲ. ಹೊಸ ರಬ್ಬರನ್ನು ಮೊದಲು ಗ್ಲಾಸಿಗೆ ತೊಡಿಸಿ, ಕಾರಿನ ತಗಡು ಕೂರುವ ಸೀಳಿನೊಳಗೆ ಸುತ್ತಲೂ ತೆಳುವಾದ ನೈಲಾನ್ ಹಗ್ಗ ಇಡಬೇಕು. ಹಗ್ಗದ ಎರಡೂ ತುದಿ ಕೆಳಗೆ ನಡುವಿನಲ್ಲಿ ಒಂದನ್ನೊಂದು ದಾಟಿ ಕಾರಿನ ಒಳಗೆ ಜೋತಿರಲಿ. ಸಾಬೂನು ನೀರು ಸವರಿ ಗ್ಲಾಸನ್ನು ಹೊರಗಿನಿಂದ ಇಟ್ಟು, ಒಬ್ಬರು ಅಂಗೈಯಿಂದ ಒತ್ತುತ್ತಿರುವಾಗ ಇನ್ನೊಬ್ಬರು ಒಳಗಿನಿಂದ ಹಗ್ಗ ಎಳೆಯುತ್ತಾರೆ. ಹಗ್ಗ ಬಂದಂತೆ ರಬ್ಬರಿನ ತುಟಿ ತಗಡಿನ ಅಂಚು ದಾಟಿ ಒಳಗೆ ಕೂರುತ್ತದೆ. ಪ್ರೀಮಿಯರ್ ಪದ್ಮಿನಿಗೂ ಇದೇ ಕ್ರಮ.

ಸೋರಿದಲ್ಲೆಲ್ಲ ಸಿಲಿಕೋನ್ ಬಳಿದು ಕಳಿಸುವ ರೂಢಿಯೂ ಇದೆ. ವಿನೆಗರಿನ ಹುಳಿ ವಾಸನೆ ಬರುವ ಸಿಲಿಕೋನ್ ಒಣಗುವಾಗ ಆಮ್ಲ ಬಿಡುತ್ತದೆ, ಬರಿಯ ತಗಡಿಗೆ ತುಕ್ಕು ತರಿಸುತ್ತದೆ. ಅದರ ಮೇಲೆ ಪೈಂಟೂ ನಿಲ್ಲುವುದಿಲ್ಲ. ಹಾಕಲೇಬೇಕಾದರೆ ಒಣಗಿ ಗಟ್ಟಿಯಾಗದ ಮಾಸ್ಟಿಕ್ ಸಾಕು.

ಡಿಕ್ಕಿಯ ಬೀಡಿಂಗನ್ನೂ ಮರೆಯುವಂತಿಲ್ಲ. ಅಡಿಕೆ ಗೋಣಿ ಇಡುವವರಿಗೆ ಅಲ್ಲಿನ ಒಂದು ಲೋಟ ನೀರು ಸಾಕು, ಬೂಷ್ಟು ಬಂದು ದರ ಇಳಿಯಲು. ಸ್ಟೆಪ್ನಿ ಇಡುವ ಗುಂಡಿಯಲ್ಲಿ ನೀರು ನಿಲ್ಲುತ್ತಿದೆಯೇ ಎಂದೂ ನೋಡಬೇಕು.

ಹೊಳಪಿಗಾಗಿ ತೆಂಗಿನೆಣ್ಣೆಯನ್ನೋ ಗ್ರೀಸನ್ನೋ ಸವರುವುದು ಬೇಡ. ತೆಂಗಿನೆಣ್ಣೆಗೆ ಮರದ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ, ಗ್ರೀಸಿಗೆ ಇಪಿಡಿಎಂ ಕೂಡ ತಡೆಯುವುದಿಲ್ಲ. ವರ್ಷಕ್ಕೆರಡು ಸಲ ಸಾಬೂನು ನೀರಿನಲ್ಲಿ ಒರೆಸಿ, ಒಣಗಿದ ಮೇಲೆ ಸಿಲಿಕೋನ್ ಸ್ಪ್ರೇ ಹೊಡೆದರೆ ಆಯಿತು. ಇದಕ್ಕೆ ಮೇ ತಿಂಗಳ ಬಿಸಿಲೇ ಸರಿ. ಆಟಿಯಲ್ಲಿ ಈ ಕೆಲಸಕ್ಕೆ ಕೈಹಾಕಿದರೆ ತಗಡು ಒಣಗುವುದೇ ಇಲ್ಲ.